ಏಳು ಕಾಲಂಗಳ ಭಾವ

ನಮ್ಮ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ನ್ಯಾಯವಾಗಿ ಹಾಗೆ ಕರೆಯುವ ಹಕ್ಕಿದ್ದದ್ದು ಒಬ್ಬಳಿಗೆ ಮಾತ್ರ, ನಮ್ಮ ಟೆಲಿಫೋನ್ ಆಪರೇಟರಿಗೆ. ಅವಳು ಅವರ ಹೆಂಡತಿಯ ತಂಗಿ. ಕೆಲಸಕ್ಕೆ ಸೇರಿದ ದಿನವೇ ಫೋನಿನ ಬೋರ್ಡಿನ ಮುಂದೆ ಕೂತು, "ಭಾವಾ, ನಿಮಗೊಂದು ಫೋನು!" ಎಂದು ಇಡೀ ಆಫೀಸಿಗೆ ಕೇಳುವ ಹಾಗೆ ಕೂಗಿದಳು. ಅಂದಿನಿಂದ ಅವರು ಟೈಪಿಸ್ಟಿಗೂ ಭಾವ, ವಾಚ್‌ಮನ್‌ಗೂ ಭಾವ, ಅವರಿಗಿಂತ ನಾಲ್ಕು ವರ್ಷ ದೊಡ್ಡವರಾದ ಕ್ಯಾಷಿಯರಿಗೂ ಭಾವ. ಮುಖದಲ್ಲಿ ಮಾತ್ರ ಯಾವ ಭಾವವೂ ಇರುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೇಗಿತ್ತೋ ಸಂಜೆ ಐದೂವರೆಗೂ ಹಾಗೇ, ಇಸ್ತ್ರಿ ಮಾಡಿಟ್ಟ ಹಾಗೆ.

ಅವರ ಕೆಲಸ ಟೆಲಿಫೋನ್ ಬಿಲ್ಲು. ಮೊದಲು ಅದಕ್ಕೊಂದು ಉದ್ದನೆಯ ರಿಜಿಸ್ಟರಿತ್ತು. ಯಾರಾದರೂ ಹೊರಗೆ ಫೋನ್ ಮಾಡಬೇಕಾದರೆ ಸೊನ್ನೆ ಒತ್ತಿ ಆಪರೇಟರನ್ನು ಕೇಳಬೇಕು. ಅವಳು ಲೈನು ಸೇರಿಸಿ, ಆ ಕ್ಷಣದ ಗಂಟೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಆಮೇಲೆ ಹೊಸ ಮಷೀನು ಬಂತು. ನಾವೇ ನೇರವಾಗಿ ಡಯಲ್ ಮಾಡಬಹುದು, ಲೆಕ್ಕ ಅದೇ ಇಡುತ್ತದೆ. ಪ್ರತಿ ಕರೆಗೆ ಒಂದು ಸಾಲು, ಸಾಲಿಗೆ ಏಳು ಕಾಲಂ. ಭಾವನ ಮೇಜಿನ ಪಕ್ಕದಲ್ಲಿ ಒಂದು ಪ್ರಿಂಟರು ಹಲ್ಲು ಕಡಿಯುತ್ತಾ ಅದನ್ನು ಅಚ್ಚು ಹಾಕುತ್ತಿತ್ತು.

ಆ ಸಾಲುಗಳು ನಮಗೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಎಲ್ಲವೂ ಅಂಕಿ, ನಡುನಡುವೆ ಒಂದು ಅಕ್ಷರ. ಮಷೀನಿನ ಜೊತೆ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕವೊಂದು ಬಂದಿತ್ತು. ಭಾವ ಅದನ್ನು ಮೂರು ದಿನ ಓದಿ, ನಾಲ್ಕನೆಯ ದಿನ ಒಂದು ದೊಡ್ಡ ಹಾಳೆಯಲ್ಲಿ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಚಾರ್ಟು ಬರೆದು ಗೋಡೆಗೆ ಅಂಟಿಸಿದರು. ಒಂದನೆಯ ಕಾಲಂ, ತಾರೀಖು. ಎರಡನೆಯದು, ಟೈಮು: ಕರೆ ಆರಂಭವಾದ ಗಂಟೆ. ಮೂರನೆಯದು, ಆಫೀಸಿನೊಳಗಿನ ಯಾವ ಎಕ್ಸ್‌ಟೆನ್ಷನ್‌ನಿಂದ. ನಾಲ್ಕನೆಯದು, ನಾಲ್ಕು ಹೊರಲೈನುಗಳಲ್ಲಿ ಯಾವುದು. ಐದನೆಯದು, ಡಯಲ್ ಮಾಡಿದ ನಂಬರು. ಆರನೆಯದು, ಎಷ್ಟು ಹೊತ್ತು ಮಾತು. ಏಳನೆಯದು ಸಾಮಾನ್ಯವಾಗಿ ಖಾಲಿ. ಟಿ ಅಂತ ಇದ್ದರೆ ಕರೆಯನ್ನು ಇನ್ನೊಬ್ಬರಿಗೆ ದಾಟಿಸಲಾಗಿದೆ ಎಂದರ್ಥ.

"ಕಾಲ ಗೊತ್ತಿಲ್ಲದೆ ಕಾಲ್ ಮಾಡಿದವರು ಇನ್ನು ಈ ಕಾಲಂನಲ್ಲಿ ಸಿಕ್ಕಿಹಾಕಿಕೊಳ್ತಾರೆ" ಎಂದೆ ನಾನು. ನನ್ನ ಮೇಜು ಅವರ ಪಕ್ಕದ್ದು, ಡಿಸ್ಪ್ಯಾಚ್ ವಿಭಾಗ. ಭಾವ ನಗಲಿಲ್ಲ. "ಸ್ಕೇಲ್ ಕೊಡಿ" ಎಂದರು, ಕೆಂಪು ಗೆರೆ ಎಳೆಯಲು.

ಚಾರ್ಟು ಇರುವಾಗ ಪುಸ್ತಕ ಯಾಕೆ? ಭಾವ ಅದನ್ನು ಕಪಾಟಿನ ತಳದಿಂದ ತೆಗೆದು ರದ್ದಿಗೆ ಹಾಕಿದರು. ನಮ್ಮದು ರದ್ದಿ ಕಾಗದವನ್ನೇ ನೆನೆಸಿ, ಅರೆದು, ರಟ್ಟು ಮಾಡುವ ಕಾರ್ಖಾನೆ. ವಾರದೊಳಗೆ ಆ ಪುಸ್ತಕ ಚಪ್ಪಲಿ ಡಬ್ಬಿಯಾಗಿ ಲಾರಿ ಹತ್ತಿತು.

ಅಂದಿನಿಂದ ಭಾವನ ಭಾಗ್ಯ ತೆರೆಯಿತು. ಹೆಡ್‌ಕ್ಲರ್ಕನ್ನೂ ನಿಲ್ಲಿಸಿಯೇ ಮಾತಾಡಿಸುವ ಮ್ಯಾನೇಜರು ತಿಂಗಳಿಗೊಮ್ಮೆ ಭಾವನಿಗೆ ಕುರ್ಚಿ ತೋರಿಸಿ, "ಬನ್ನಿ, ಏನ್ ಹೇಳತ್ತೆ ನಿಮ್ಮ ಮಷೀನು?" ಎನ್ನುವಂತಾಯಿತು. ಭಾವ ಓದುತ್ತಿದ್ದರು, ಮ್ಯಾನೇಜರು ಗುರುತು ಹಾಕುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಮನೆಗೆ ಫೋನ್ ಮಾಡಿದವರಿಗೆ ಮೆಮೊ. ಬಿಲ್ಲು ಹಿಡಿಯುತ್ತಿದ್ದವರು ಭಾವ, ಬಾಣ ಬಿಡುತ್ತಿದ್ದವರು ಮ್ಯಾನೇಜರು, ನೆಟ್ಟುಕೊಳ್ಳುತ್ತಿದ್ದದ್ದು ನಮಗೆ.

ಒಮ್ಮೆ ಟೈಪಿಸ್ಟು ಮೆಮೊ ಹಿಡಿದು ಅಳುತ್ತಾ ಬಂದಳು.

"ಭಾವ, ನಾನು ಊಟದ ಹೊತ್ತಲ್ಲೇ ಮಾಡಿದ್ದು. ಎರಡಕ್ಕೆ ಐದು ನಿಮಿಷ ಇತ್ತು. ಮಗೂಗೆ ಜ್ವರ ಅಂತ."

ಭಾವ ಕಾಗದದ ಮೇಲೆ ಬೆರಳಿಟ್ಟರು. "ಎರಡು ಗಂಟೆ ಎರಡು ನಿಮಿಷ ಅಂತಿದೆ. ಮಷೀನಿಗೆ ನಿನ್ನ ಮೇಲೇನು ದ್ವೇಷಾನಮ್ಮ?"

"ನಿಮಗಿರಬೇಕು ಹಾಗಾದ್ರೆ!"

"ನನಗೂ ಇಲ್ಲ. ಗಡಿಯಾರ ಸರಿ ಮಾಡಿಸಿಕೋ."

ಇಂಥ ಮೆಮೊ ಹನ್ನೊಂದು ತಿಂಗಳಲ್ಲಿ ಇಪ್ಪತ್ತಮೂರು ಹೊರಟವು. ಒಂದು ನನಗೂ ಬಂತು. ಭಾವನ ಮೇಲೆ ಸಿಟ್ಟಿದ್ದರೂ ಅವರನ್ನು ಅನುಮಾನಿಸಿದವರು ಯಾರೂ ಇರಲಿಲ್ಲ. ಏಕೆಂದರೆ ಅವರು ತಮ್ಮ ನಾದಿನಿಯನ್ನೂ ಬಿಟ್ಟಿರಲಿಲ್ಲ. ಗೆಳತಿಯ ಜೊತೆ ಒಂಬತ್ತು ನಿಮಿಷ ಹರಟಿದ್ದಕ್ಕೆ ಅವಳಿಗೂ ಒಂದು ಕೊಡಿಸಿದ್ದರು. ಅವಳು ಇದ್ದದ್ದು ಅವರ ಮನೆಯ ಹಿಂದಿನ ಕೋಣೆಯಲ್ಲೇ. ಆ ರಾತ್ರಿ ಅಕ್ಕ ಬಡಿಸುವಾಗ, "ಅಕ್ಕಾ, ಭಾವನಿಗೆ ಏಳು ತುತ್ತು ಹಾಕು, ಎಂಟನೇದಕ್ಕೆ ಕಾಲಂ ಇಲ್ಲ" ಎಂದಳಂತೆ. ಮರುದಿನ ಅದನ್ನು ನಮಗೆ ಹೇಳಿದವಳೂ ಅವಳೇ, ಬೋರ್ಡಿನ ಮುಂದೆ ಕೂತು, ಬಿದ್ದು ಬಿದ್ದು ನಗುತ್ತಾ. ಅವಳು ನಗುವುದು ಸೊನ್ನೆ ಒತ್ತಿದವರಿಗೆಲ್ಲ ಕೇಳಿಸುತ್ತಿತ್ತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮೂರು ಇಪ್ಪತ್ತಕ್ಕೆ, ಕಟಿಂಗ್ ಮಷೀನು ಒಬ್ಬ ಕೆಲಸಗಾರನ ತೋಳನ್ನು ಮೊಣಕೈಯ ಮೇಲಿಂದ ಎಳೆದುಕೊಂಡಿತು. ಮೂರು ಇಪ್ಪತ್ತು ಎಂಬುದರಲ್ಲಿ ಅನುಮಾನವಿಲ್ಲ. ಮಷೀನು ನಿಲ್ಲಿಸಿದ ಗಂಟೆಯನ್ನು ಮೇಸ್ತ್ರಿ ಶಿಫ್ಟ್ ಪುಸ್ತಕದಲ್ಲಿ ಬರೆದಿದ್ದ. ಅವನು ಒಳಗಿನ ಫೋನಿನಲ್ಲಿ ಸೊನ್ನೆ ಒತ್ತಿದ. ನಾದಿನಿ ಎರಡು ರಸ್ತೆ ಆಚೆಗಿನ ನರ್ಸಿಂಗ್ ಹೋಮಿಗೆ ಫೋನ್ ಮಾಡಿದಳು. ಆಂಬ್ಯುಲೆನ್ಸು ಐದು ನಿಮಿಷದಲ್ಲಿ ಬಂತು.

ಬಂದು ಗೇಟಿನ ಹೊರಗೆ ನಿಂತಿತು.

ಕೆಲಸಗಾರರು ಶಿಫ್ಟ್ ಮುಗಿಯುವ ಮೊದಲೇ ನುಸುಳುತ್ತಾರೆಂದು ಮ್ಯಾನೇಜರು ಗೇಟಿಗೆ ಬೀಗ ಹಾಕಿಸುತ್ತಿದ್ದರು. ಒಂದೇ ಗೇಟು, ಒಂದೇ ಬೀಗ, ಒಂದೇ ಕೀಲಿ. ಕೀಲಿ ಅವರ ಜೇಬಿನಲ್ಲಿ, ಜೇಬು ಅಂದು ಊಟಕ್ಕೆ ಹೋಗಿತ್ತು. ಸೈರನ್ ಕೂಗಿಕೊಳ್ಳುತ್ತಾ ವ್ಯಾನು ಹೊರಗೆ, ಗೋಣಿಚೀಲದ ಮೇಲೆ ಮನುಷ್ಯ ಒಳಗೆ. ಅಷ್ಟು ಹೊತ್ತೂ ನಾದಿನಿ ಎರಡು ಕಿವಿಗೆ ಎರಡು ರಿಸೀವರ್ ಹಿಡಿದು ಕೂತಿದ್ದಳು. ಹೊರಲೈನಿನಲ್ಲಿ ನರ್ಸು ರಕ್ತ ನಿಲ್ಲಿಸುವುದು ಹೇಗೆಂದು ಹೇಳಬೇಕು, ಒಳಲೈನಿನಲ್ಲಿ ಇವಳು ಅದನ್ನು ಮೇಸ್ತ್ರಿಗೆ ಕೂಗಬೇಕು. ಮೇಸ್ತ್ರಿಯ ಕಡೆಯವರು ಬೀಗ ಒಡೆಯಲು ರಾಡು ಹುಡುಕಿ ಓಡಿದಾಗ ಮ್ಯಾನೇಜರ ಕಾರು ತಿರುವಿನಲ್ಲಿ ಕಾಣಿಸಿತು. ಗೇಟು ತೆರೆಯಿತು. ವ್ಯಾನು ಒಳಗೆ ಬಂದದ್ದನ್ನು ಕಿಟಕಿಯಿಂದ ನೋಡಿ ಅವಳು ಫೋನ್ ಇಟ್ಟಳು.

ಕೆಲಸಗಾರ ಮರುದಿನ ಬೆಳಿಗ್ಗೆ ತೀರಿಕೊಂಡ. ಕಾಲು ಗಂಟೆ ಮೊದಲು ಬಂದಿದ್ದರೆ ತೋಳು ಹೋದರೂ ಜೀವ ಉಳಿಯುತ್ತಿತ್ತು ಎಂದು ಡಾಕ್ಟರು ಬರೆದುಕೊಟ್ಟರು.

ಆ ಕಾಲು ಗಂಟೆ ಯಾರದ್ದು ಎಂದು ತಿಳಿಯಲು ಕಾರ್ಖಾನೆಯೊಳಗೇ ವಿಚಾರಣೆ ನಡೆಯಿತು. ಗೇಟಿನಲ್ಲಿ ವ್ಯಾನು ನಿಂತದ್ದನ್ನು ನೋಡಿದವರು ಎಂಬತ್ತು ಜನ, ಎಷ್ಟು ಹೊತ್ತು ಎಂದು ಸರಿಯಾಗಿ ಹೇಳಿದವರು ಒಬ್ಬರೂ ಇಲ್ಲ. "ಸ್ವಲ್ಪ ಹೊತ್ತು ಸಾರ್" ಎಂದರು. ವಾಚ್‌ಮನ್ "ಎರಡು ನಿಮಿಷ" ಎಂದ. ನಾನೂ "ಗಡಿಯಾರ ನೋಡಲಿಲ್ಲ" ಎಂದೆ. ಗಡಿಯಾರ ನನ್ನ ಮೇಜಿನ ಎದುರು ಗೋಡೆಯಲ್ಲೇ ಇತ್ತು. ಗುಟ್ಟು ರಟ್ಟಾಗುವುದು ಬೇರೆ ಊರುಗಳಲ್ಲಿ. ರಟ್ಟಿನ ಕಾರ್ಖಾನೆಯಲ್ಲಿ ಎಲ್ಲವೂ ಗುಟ್ಟಾಗುತ್ತಿತ್ತು.

ಮ್ಯಾನೇಜರು ಭಾವನನ್ನು ಕರೆಸಿದರು. ಕುರ್ಚಿ ತೋರಿಸಿದರು.

"ನರ್ಸಿಂಗ್ ಹೋಮಿಗೆ ಫೋನ್ ಹೋದ ಟೈಮ್ ಎಷ್ಟು? ಅಷ್ಟೇ ಹೇಳಿ ಸಾಕು."

ಭಾವ ಕಾಗದದ ಸುರುಳಿ ಬಿಚ್ಚಿದರು. ಎಕ್ಸ್‌ಟೆನ್ಷನ್ ಸೊನ್ನೆ, ಎರಡನೆಯ ಲೈನು, ನರ್ಸಿಂಗ್ ಹೋಮಿನ ನಂಬರು. ಟೈಮಿನ ಕಾಲಂ ನೋಡಿ ಅವರ ಬೆರಳು ಒಂದು ಕ್ಷಣ ನಿಂತಿತು.

"ಮೂರು ನಲವತ್ತೊಂದು."

"ಆಕ್ಸಿಡೆಂಟು ಮೂರು ಇಪ್ಪತ್ತಕ್ಕೆ."

"ಹೌದು."

"ಅಂದ್ರೆ ಇಪ್ಪತ್ತೊಂದು ನಿಮಿಷ ಆಪರೇಟರ್ ಏನ್ ಮಾಡ್ತಿದ್ರು?"

ನಾದಿನಿ ಗೋಡೆಗೆ ಒರಗಿ ನಿಂತಿದ್ದಳು. "ಭಾವ, ಸರಿಯಾಗಿ ನೋಡಿ. ಮೇಸ್ತ್ರಿ ಹೇಳಿದ ತಕ್ಷಣ ಮಾಡಿದ್ದೀನಿ. ಕೈಯಲ್ಲಿದ್ದ ಟೀ ಲೋಟ ಕೆಳಗಿಡೋಕೂ ಹೊತ್ತಿರ್ಲಿಲ್ಲ, ನೆಲಕ್ಕೆ ಬಿತ್ತು."

"ನೋಡಿದ್ದೀನಮ್ಮ."

"ಇನ್ನೊಂದ್ಸಲ ನೋಡಿ ಅಂದೆ."

ಭಾವ ಇನ್ನೊಮ್ಮೆ ನೋಡಿದರು. ಅದೇ ಕಾಲಂ ನೋಡಿದರು. ಸ್ಕೇಲು ಇಟ್ಟು ಮೂರು ನಲವತ್ತೊಂದರ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಅದೇ ಸಾಲಿನಲ್ಲಿ ನಾಲ್ಕು ಬೆರಳು ಬಲಕ್ಕೆ ಹದಿನೆಂಟು ನಿಮಿಷ ನಲವತ್ತು ಸೆಕೆಂಡು ಎಂದೂ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ಕೇಳದ ಕಾಲಂ ಓದುವ ಅಭ್ಯಾಸ ಭಾವನಿಗೆ ಇರಲಿಲ್ಲ.

ಒಳಗಿನ ಕರೆಗಳಿಗೆ ಮಷೀನು ಸಾಲು ಬರೆಯುವುದಿಲ್ಲ. ಹೀಗಾಗಿ ಮೇಸ್ತ್ರಿ ಸೊನ್ನೆ ಒತ್ತಿದ್ದಕ್ಕೆ ದಾಖಲೆಯಿಲ್ಲ, ಇವಳು ಅವನಿಗೆ ಕೂಗಿ ಹೇಳಿದ್ದಕ್ಕೂ ಇಲ್ಲ. ಮಷೀನು ನಿಲ್ಲಿಸಿದ ಗಂಟೆ ಬರೆದ ಮೇಸ್ತ್ರಿಯೂ ಆಮೇಲಿನ ಗಂಟೆ ನೋಡಲಿಲ್ಲ ಎಂದ. ನರ್ಸು, "ತುಂಬಾ ಹೊತ್ತು ಮಾತಾಡಿದ್ದು ನಿಜ, ಗಂಟೆ ನೋಡ್ಲಿಲ್ಲ" ಎಂದಳು. ವರದಿಯಲ್ಲಿ ಮ್ಯಾನೇಜರು ಒಂದು ವಾಕ್ಯ ಸೇರಿಸಿದರು: ಆಪರೇಟರರ ಸ್ವಂತ ಭಾವನೇ ಇದನ್ನು ದೃಢಪಡಿಸಿರುವುದರಿಂದ ಬೇರೆ ಸಾಕ್ಷಿ ಅಗತ್ಯವಿಲ್ಲ.

ಕರ್ತವ್ಯಲೋಪ ಎಂದು ಬರೆದು ನಾದಿನಿಯನ್ನು ತೆಗೆದುಹಾಕಿದರು. ಕೆಲಸ ಹೋಗಿದ್ದಷ್ಟೇ ಆಗಿದ್ದರೆ ಅವಳು ಇನ್ನೊಂದು ಬೋರ್ಡು ಹುಡುಕಿಕೊಳ್ಳುತ್ತಿದ್ದಳು. ಸತ್ತವನ ಹೆಂಡತಿ ಒಂದು ದಿನ ಭಾವನ ಮನೆಯ ಬಾಗಿಲಿಗೆ ಬಂದು, ಒಳಗೆ ಕರೆದರೂ ಬಾರದೆ, ಹೊಸ್ತಿಲಾಚೆ ನಿಂತು ಕೇಳಿದಳಂತೆ: "ಇಪ್ಪತ್ತೊಂದು ನಿಮಿಷ ಏನ್ ಮಾಡ್ತಿದ್ರಿ? ಹೇಳಿ, ನಾನು ಜಗಳ ಆಡಲ್ಲ. ಸುಮ್ನೆ ತಿಳ್ಕೋಬೇಕು."

ಮಾಡದ ಕೆಲಸಕ್ಕೆ ನಾದಿನಿ ವಿವರ ಕೊಡುವುದು ಹೇಗೆ? ಅಂದಿನಿಂದ ಅವಳಿಗೆ ತನ್ನ ಮೇಲೇ ಅನುಮಾನ ಹತ್ತಿತು. ಊಟಕ್ಕೆ ಕೂತವಳು ಕೈ ನಿಲ್ಲಿಸಿ ಕೇಳುವಳು: "ಅಕ್ಕಾ, ಒಂದು ವೇಳೆ ನನಗೆ ಮಂಪರು ಬಂದಿತ್ತಾ? ಮೇಸ್ತ್ರಿ ಫೋನ್ ಮಾಡಿದ ಮೇಲೆ ನಾನು ಸುಮ್ನೆ ಕೂತಿದ್ನಾ? ಮಷೀನಿಗೆ ನನ್ನ ಮೇಲೇನು ದ್ವೇಷ?" ತಿಂಗಳಾದ ಮೇಲೆ ಬಸ್ ಸ್ಟಾಪಿನ ಹತ್ತಿರ ಒಂದು ಕೋಣೆ ಹಿಡಿದು ಹೊರಟುಹೋದಳು. ನಗು ಮೊದಲೇ ಹೋಗಿತ್ತು.

ಅಕ್ಕ, ಅಂದರೆ ಭಾವನ ಹೆಂಡತಿ, ಗಂಡನನ್ನು ಬೈಯಲಿಲ್ಲ. ಮಾತು ಬಿಟ್ಟಳು, ಅಷ್ಟೇ. ಬೇಕಾದದ್ದನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡುತ್ತಿದ್ದಳು. ಆದರೂ ಭಾವ ಪ್ರತಿದಿನ ಮಧ್ಯಾಹ್ನ ಒಂದು ಗಂಟೆಯ ಊಟದ ಸೈರನ್ ಆದ ಕೂಡಲೇ ಮನೆಗೆ ಫೋನ್ ಮಾಡುವ ರೂಢಿ ಬಿಟ್ಟಿರಲಿಲ್ಲ. ಮೊದಲೆಲ್ಲ ನಾಲ್ಕೈದು ನಿಮಿಷ ಮಾತು ನಡೆಯುತ್ತಿತ್ತು. ಈಗ ಇವರು "ಊಟ ಆಯ್ತಾ?" ಎನ್ನುವರು, ಆ ಕಡೆ ಫೋನ್ ಇಟ್ಟ ಶಬ್ದ.

ಜೂನ್ ತಿಂಗಳ ಬಿಲ್ಲು ಮಾಡುತ್ತಾ ಅವರು ಗೋಡೆ ನೋಡಿದರು, ಕಾಗದ ನೋಡಿದರು, ಮತ್ತೆ ಗೋಡೆ ನೋಡಿದರು.

"ಯಾಕ್ ಭಾವ?" ಎಂದೆ.

"ನಾನು ಮನೆಗೆ ಮಾಡೋದು ಒಂದಕ್ಕೆ. ಸೈರನ್ ಆದ ತಕ್ಷಣ. ಹೌದು ತಾನೆ?"

"ಹೌದು. ಸೈರನ್ ತಪ್ಪಿದ್ರೂ ನೀವು ತಪ್ಪಲ್ಲ."

"ಈ ತಿಂಗಳು ಎಲ್ಲಾ ದಿನ ಒಂದು ಗಂಟೆ ಅಂತಲೇ ಇದೆ. ಫೆಬ್ರವರೀಲಿ ನೋಡಿ: ಒಂದು ಗಂಟೆ ನಾಲ್ಕು ನಿಮಿಷ, ಒಂದೂ ಐದು, ಒಂದೂ ನಾಲ್ಕು. ಆಗ ಸೈರನ್ ಲೇಟು ಅಂತ ವಾಚ್‌ಮನ್‌ಗೆ ಬೈದಿದ್ದೆ."

"ಈಗ ಸರಿಹೋಗಿರಬೇಕು ಸೈರನ್ನು."

ಅವರ ಬೆರಳು ಬಲಕ್ಕೆ ಸರಿಯುತ್ತಾ ಹೋಯಿತು. ಫೆಬ್ರವರಿಯ ಆರನೆಯ ಕಾಲಂ: ನಾಲ್ಕು ನಿಮಿಷ, ಐದು ನಿಮಿಷ, ನಾಲ್ಕು ನಿಮಿಷ. ಜೂನಿನದು: ಐದು ಸೆಕೆಂಡು, ಆರು ಸೆಕೆಂಡು, ಐದು ಸೆಕೆಂಡು. ಹೆಂಡತಿ ಮಾತು ಬಿಟ್ಟದ್ದರಿಂದಲೇ ಅವರಿಗೆ ಮಷೀನಿನ ಮಾತು ಅರ್ಥವಾಯಿತು.

ಮರುದಿನ ಒಂದು ಗಂಟೆಗೆ ಭಾವ ಗೋಡೆಯ ಗಡಿಯಾರವನ್ನು ಇಳಿಸಿ ಮೇಜಿನ ಮೇಲಿಟ್ಟುಕೊಂಡು ಮನೆಗೆ ಫೋನ್ ಮಾಡಿದರು.

"ಇಡಬೇಡ. ಹತ್ತು ನಿಮಿಷ ಹಿಡ್ಕೊಂಡಿರು."

ಆ ಕಡೆ ಏನೋ ಕೇಳಿದ ಹಾಗಾಯಿತು.

"ಏನೂ ಮಾತಾಡ್ಬೇಡ. ಸುಮ್ನೆ ಹಿಡ್ಕೊ. ನಿನ್ನ ತಂಗಿಗೋಸ್ಕರ."

ಹತ್ತು ನಿಮಿಷ. ಇವರು ಗಡಿಯಾರ ನೋಡುತ್ತಾ ಕೂತರು. ಪಕ್ಕದಲ್ಲಿ ಪ್ರಿಂಟರು ಉಸಿರೆತ್ತಲಿಲ್ಲ. ಮಧ್ಯದಲ್ಲಿ ಒಮ್ಮೆ ರಿಸೀವರಿನಿಂದ ಮೂಗೆಳೆದ ಶಬ್ದ ನನಗೂ ಕೇಳಿಸಿತು. ಒಂದು ಗಂಟೆ ಹತ್ತು ನಿಮಿಷಕ್ಕೆ ಭಾವ ಫೋನ್ ಇಟ್ಟರು. ಪ್ರಿಂಟರು ಒಮ್ಮೆಲೇ ಹಲ್ಲು ಕಡಿಯಿತು. ಟೈಮು: ಒಂದು ಹತ್ತು. ಅವಧಿ: ಹತ್ತು ನಿಮಿಷ.

ನನಗೆ ಕಾನ್ವೆಂಟಿನ ಸಿಸ್ಟರು ಬೆತ್ತ ಹಿಡಿದು ಹನ್ನೆರಡು ಟೆನ್ಸು ಕಲಿಸಿದ್ದರು. ಈ ಮಷೀನಿಗೆ ಗೊತ್ತಿದ್ದದ್ದು ಒಂದೇ, ಮುಗಿದದ್ದು. ಕರೆ ಮುಗಿದು ರಿಸೀವರ್ ಇಟ್ಟಾಗಲೇ ಅದು ಸಾಲು ಬರೆಯುವುದು. ಬರೆಯುವ ಹೊತ್ತಿನ ಗಂಟೆಯನ್ನೇ ಟೈಮು ಎಂದು ಹಾಕುವುದು. ಹಳೆಯ ರಿಜಿಸ್ಟರಿನಲ್ಲಿ ಲೈನು ಸೇರಿಸಿದ ಗಂಟೆ ಬರೆಯುತ್ತಿದ್ದರಲ್ಲ, ಅದೇ ರೂಢಿಯಲ್ಲಿ ಭಾವ ಚಾರ್ಟಿನಲ್ಲಿ 'ಆರಂಭ' ಎಂಬ ಪದ ಸೇರಿಸಿದ್ದರು. ಪುಸ್ತಕದಲ್ಲಿ ಏನಿತ್ತೋ, ಅದನ್ನು ಈಗ ಚಪ್ಪಲಿ ಡಬ್ಬಿಗಳನ್ನು ಕೇಳಬೇಕು.

ಅವರು ಮಾರ್ಚ್ ತಿಂಗಳ ಸುರುಳಿ ತೆಗೆದು ನನ್ನ ಮುಂದೆಯೇ ಕಳೆದರು. ಮೂರು ನಲವತ್ತೊಂದರಲ್ಲಿ ಹದಿನೆಂಟು ನಿಮಿಷ ನಲವತ್ತು ಸೆಕೆಂಡು ಹೋದರೆ ಮೂರು ಇಪ್ಪತ್ತೆರಡು. ಆಕ್ಸಿಡೆಂಟಾಗಿ ಎರಡೇ ನಿಮಿಷಕ್ಕೆ ಅವಳು ಫೋನ್ ಮಾಡಿದ್ದಳು. ವ್ಯಾನು ಬಂದದ್ದು ಮೂರು ಇಪ್ಪತ್ತೇಳಕ್ಕೆ. ಗೇಟು ತೆರೆದದ್ದು ನಲವತ್ತಕ್ಕೆ. ವಾಚ್‌ಮನ್‌ನ ಎರಡು ನಿಮಿಷ ಹದಿಮೂರಾಯಿತು. ಡಾಕ್ಟರು ಹೇಳಿದ ಕಾಲು ಗಂಟೆ ಮ್ಯಾನೇಜರ ಜೇಬಿನಲ್ಲಿತ್ತು.

ಭಾವ ಕೆಂಪು ಗೆರೆಯ ಮೇಲೆ ಬೆರಳಿಟ್ಟರು. "ನಾನೇ ಗೆರೆ ಎಳೆದದ್ದು" ಎಂದರು. "ಸ್ಕೇಲಿಟ್ಟು."

ಮ್ಯಾನೇಜರು ಈ ಸಲ ಕುರ್ಚಿ ತೋರಿಸಲಿಲ್ಲ. ಕಾಗದ ನೋಡಿದರು. ಅವರು ದಡ್ಡರಲ್ಲ, ಮೊದಲ ನೋಟಕ್ಕೇ ಅರ್ಥವಾಯಿತು.

"ಅಂದ್ರೆ ನೀವು ಕೊಟ್ಟ ಇಪ್ಪತ್ತಮೂರು ಮೆಮೊನೂ ತಪ್ಪು ಅಂತೀರಾ?"

"ಕೆಲವು ತಪ್ಪಿರಬಹುದು ಸಾರ್. ಟೈಪಿಸ್ಟಿಗೆ ಕೊಟ್ಟಿದ್ದಂತೂ ತಪ್ಪು."

"ನಿಮ್ಮ ಸಹಿ?"

"ನಂದೂ ತಪ್ಪು."

"ನೋಡಿ ಭಾವ," ಮ್ಯಾನೇಜರೂ ಅವರನ್ನು ಹಾಗೇ ಕರೆಯುತ್ತಿದ್ದರು, "ಚಾರ್ಟು ತಿದ್ದಿ. ನಾನು ಬೇಡ ಅನ್ನಲ್ಲ. ಮುಂದಿನ ತಿಂಗಳು ಒಂದನೇ ತಾರೀಖಿಂದ ಟೈಮ್ ಅಂದ್ರೆ ಕೊನೆ ಅಂತ ಬರೀರಿ. ಹಿಂದಿಂದು ಹಿಂದೆ. ನಿಮಗೆ ಸರ್ವೀಸು ಇನ್ನೆಷ್ಟಿದೆ?"

"ಮೂರು ವರ್ಷ."

"ಎಕ್ಸ್‌ಟೆನ್ಷನ್ ಬೇಕಾಗತ್ತೆ ಆಮೇಲೆ. ಯೋಚನೆ ಮಾಡಿ."

ಜೀವಮಾನವೆಲ್ಲ ಎಕ್ಸ್‌ಟೆನ್ಷನ್ ನಂಬರುಗಳನ್ನೇ ನೋಡಿದ ಮನುಷ್ಯನಿಗೆ ಮೊದಲ ಸಲ ಒಬ್ಬರು ನಿಜವಾದ ಎಕ್ಸ್‌ಟೆನ್ಷನ್ ಕೊಡಲು ಬಂದಿದ್ದರು. ಭಾವ ಬೇಡ ಎಂದರು. ಇದು ಅವರ ಬದುಕಿನ ಒಂದೇ ಸಾಹಸ, ದಾಖಲಾಗಲಿ. ಸಂಜೆ ನಾದಿನಿಯ ಕೋಣೆಗೆ ಹೋಗಿ, ಅವಳು ಬಾಗಿಲು ಪೂರ್ತಿ ತೆರೆಯದಿದ್ದರೂ ಸಂದಿನಲ್ಲೇ ಕಾಗದ ತೋರಿಸಿ ಎಲ್ಲವನ್ನೂ ಹೇಳಿದರು.

"ಹಾಗಾದ್ರೆ ನಾನು ಸುಮ್ನೆ ಕೂತಿರ್ಲಿಲ್ಲ" ಎಂದಳು ಅವಳು. ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ, "ಇದನ್ನ ನನಗಲ್ಲ, ಆ ಯಮ್ಮನಿಗೆ ಹೇಳ್ಬೇಕಿತ್ತು ನೀವು. ಎಲ್ಲರ ಮುಂದೆ ಸಹಿ ಹಾಕಿದ್ರಲ್ಲ, ಎಲ್ಲರ ಮುಂದೆ ಹೇಳಿ" ಎಂದು ಬಾಗಿಲು ಹಾಕಿಕೊಂಡಳು.

ಕಾರ್ಮಿಕ ಅಧಿಕಾರಿಯ ಮುಂದೆ ನಾದಿನಿಯ ಅರ್ಜಿ ಹೋಯಿತು. ವಿಚಾರಣೆಯ ದಿನ ಭಾವ ಇಸ್ತ್ರಿ ಅಂಗಿ ತೊಟ್ಟು, ಸುರುಳಿ, ಹತ್ತು ನಿಮಿಷದ ಪರೀಕ್ಷೆಯ ಕಾಗದ, ಹೊಸ ಚಾರ್ಟು ಎಲ್ಲವನ್ನೂ ಫೈಲಿನಲ್ಲಿಟ್ಟುಕೊಂಡು ಬಂದರು. ಫೈಲಿನ ಜೊತೆಗೆ ನಾನೂ ಬಂದೆ. ಸತ್ತವನ ಹೆಂಡತಿಯನ್ನು ಕಂಪನಿಯವರೇ ತಮ್ಮ ವ್ಯಾನಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ಆಪರೇಟರಿಂದಲೇ ತಡವಾಯಿತೆಂದು ಹೇಳಿಸಲು.

ಭಾವ ಚೆನ್ನಾಗಿಯೇ ವಿವರಿಸಿದರು. ಕರೆ ಮೂರು ನಲವತ್ತೊಂದಕ್ಕೆ ಶುರುವಾದದ್ದಾದರೆ ನಾಲ್ಕಕ್ಕೆ ಮುಗಿದಿರಬೇಕು. ಆದರೆ ಗಾಯಾಳು ನರ್ಸಿಂಗ್ ಹೋಮ್ ತಲುಪಿದ್ದು ಮೂರು ಐವತ್ತೆರಡಕ್ಕೆ ಎಂದು ಅಲ್ಲಿನ ರಿಜಿಸ್ಟರಿನಲ್ಲಿದೆ. "ಗಾಯಾಳು ಬಂದು ಎದುರಿಗೆ ಮಲಗಿದ ಮೇಲೂ ಆ ನರ್ಸು ಏಳು ನಿಮಿಷ ಫೋನಲ್ಲೇ ರಕ್ತ ನಿಲ್ಲಿಸೋದು ಹೇಳ್ಕೊಡ್ತಿದ್ರಾ ಸಾರ್?"

ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ನನಗೆ ಗೆದ್ದೆವು ಅನ್ನಿಸಿತು.

ಕಂಪನಿಯ ವಕೀಲರು ಎದ್ದರು. "ನರ್ಸಿಂಗ್ ಹೋಮಿನ ಗಡಿಯಾರ ಎಂಟು ನಿಮಿಷ ಹಿಂದಿರಲಿಲ್ಲ ಅಂತ ಗೊತ್ತಾ ನಿಮಗೆ?"

"ಅದು... ಗೊತ್ತಿಲ್ಲ."

"ಮಷೀನಿನ ಪುಸ್ತಕ ಎಲ್ಲಿ?"

"ಇಲ್ಲ. ರದ್ದಿಗೆ ಹೋಯ್ತು."

"ಹಾಕಿದ್ದು ಯಾರು?"

"ನಾನೇ."

ವಕೀಲರು ಮಷೀನು ಕೂರಿಸಿದ ಕಂಪನಿಯ ಎಂಜಿನಿಯರನ್ನು ಕರೆದರು. ಅವನು ಹೇಳಿದ: ಟೈಮಿನ ಕಾಲಂನಲ್ಲಿ ಆರಂಭವನ್ನೂ ಹಾಕಬಹುದು, ಕೊನೆಯನ್ನೂ ಹಾಕಬಹುದು, ಒಳಗೆ ಒಂದು ಸೆಟಿಂಗ್ ಇದೆ. ಸದ್ಯ ಅದು ಆರಂಭಕ್ಕೆ ಇದೆ. ಮಾರ್ಚ್‌ನಲ್ಲಿ ಎಲ್ಲಿತ್ತೋ ಮಷೀನು ನೆನಪಿಟ್ಟುಕೊಳ್ಳುವುದಿಲ್ಲ. ಅವನು ಕಳೆದ ವಾರವೇ 'ಸರ್ವೀಸಿಗೆ' ಬಂದು ಮ್ಯಾನೇಜರ ಕೋಣೆಯಲ್ಲಿ ಟೀ ಕುಡಿದು ಹೋದದ್ದನ್ನು ನಾನು ನೋಡಿದ್ದೆ.

"ಹಾಗಾದ್ರೆ ನಿಮ್ಮ ಈ ಹತ್ತು ನಿಮಿಷದ ಕಾಗದ," ವಕೀಲರು ಭಾವನ ಕಡೆ ತಿರುಗಿದರು, "ಫೋನ್ ಮಾಡಿದ್ದು ಯಾರು?"

"ನಾನು."

"ಆ ಕಡೆ?"

"ನನ್ನ ಹೆಂಡತಿ."

"ಅಂದ್ರೆ ಅರ್ಜಿದಾರರ ಅಕ್ಕ. ಮಾರ್ಚ್‌ನಲ್ಲಿ ಟೈಮ್ ಅಂದ್ರೆ ಶುರು, ಈಗ ಟೈಮ್ ಅಂದ್ರೆ ಕೊನೆ. ಮಧ್ಯದಲ್ಲಿ ಏನಾಯ್ತು?"

"ನನಗೆ ತಿಳೀತು."

"ಮಷೀನಿಂದ ತಿಳೀತೋ, ಮನೆಯಿಂದ ತಿಳೀತೋ?"

ಎಲ್ಲರೂ ನಕ್ಕರು. ಹಾಳಾದದ್ದು, ಮಾತು ಚೆನ್ನಾಗಿತ್ತು, ನನಗೂ ಅರ್ಧ ನಗು ಬಂತು.

ಅಧಿಕಾರಿ ಕೇಳಿದರು, ಕೆಟ್ಟವರೇನಲ್ಲ, ಮೆತ್ತಗೇ ಕೇಳಿದರು: "ಅರ್ಜಿದಾರರು ನಿಮಗೆ ಏನಾಗ್ಬೇಕು?"

ಭಾವ ಫೈಲು ಮುಚ್ಚಿದರು. "ನಾದಿನಿ" ಎಂದರು.

ಹೀಗೆ, ಅವಳ ವಿರುದ್ಧ ಹೇಳಿದಾಗ ಯಾವ ನೆಂಟಸ್ತಿಕೆಯಿಂದ ಅವರ ಮಾತಿಗೆ ಚಿನ್ನದ ತೂಕ ಬಂದಿತ್ತೋ, ಅವಳ ಪರ ಹೇಳಿದಾಗ ಅದೇ ನೆಂಟಸ್ತಿಕೆಯಿಂದ ಆ ಮಾತು ರದ್ದಿಯಾಯಿತು. ಊಟದ ನಂತರ ಆದೇಶ ಓದಿದರು. ಕರೆ ಆರಂಭವಾದ ಸಮಯ ಸಾಬೀತಾಗಿಲ್ಲ. ವಜಾ ಆದೇಶದಲ್ಲಿ ಮಧ್ಯೆ ಪ್ರವೇಶಿಸಲು ಕಾರಣವಿಲ್ಲ. ಗೇಟಿನ ವಿಷಯ ಈ ಅರ್ಜಿಯ ವ್ಯಾಪ್ತಿಯಲ್ಲಿಲ್ಲ.

ಭಾವನನ್ನು ಆಮೇಲೆ ಗೋಡೌನಿಗೆ ಹಾಕಿದರು. ಕಟ್ಟಿಟ್ಟ ಡಬ್ಬಿಗಳ ಬಂಡಲ್ ಎಣಿಸುತ್ತಾ ಮೂರು ವರ್ಷ ಕಳೆದು ನಿವೃತ್ತರಾದರು. ಬೀಳ್ಕೊಡುಗೆಗೆ ಏಳು ಜನ ಬಂದಿದ್ದೆವು. ಅದಿರಲಿ, ನಾನು ಹೇಳಬೇಕಾದದ್ದು ಆದೇಶ ಓದಿದ ದಿನದ ಮಧ್ಯಾಹ್ನದ್ದು.

ಕಚೇರಿಯ ಹೊರಗೆ, ಮೆಟ್ಟಿಲ ಪಕ್ಕದಲ್ಲಿ ಒಂದು ಸಿಮೆಂಟ್ ಬೆಂಚು. ನಾದಿನಿ ಒಬ್ಬಳೇ ಕೂತಿದ್ದಳು. ಭಾವ ಎರಡು ಮಾರು ದೂರದಲ್ಲಿ ಫೈಲು ಅವುಚಿಕೊಂಡು ನಿಂತಿದ್ದರು. ಸತ್ತವನ ಹೆಂಡತಿ ಒಳಗಿಂದ ಬಂದಳು, ಕಂಪನಿಯ ವ್ಯಾನಿನ ಕಡೆ ನಾಲ್ಕು ಹೆಜ್ಜೆ ಇಟ್ಟಳು, ನಿಂತಳು, ತಿರುಗಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಹದಿನೆಂಟು ನಿಮಿಷ ಲೈನಲ್ಲಿದ್ರಿ ಅಂತ ಅವರು ಹೇಳಿದ್ರಲ್ಲ, ನಿಜಾನಾ?"

"ನಿಜ."

"ಅಷ್ಟು ಹೊತ್ತೂ?"

"ಒಂದು ಕಿವೀಲಿ ನರ್ಸು, ಒಂದು ಕಿವೀಲಿ ಮೇಸ್ತ್ರಿ."

"ಮೇಸ್ತ್ರಿ ಪಕ್ಕದಲ್ಲೇ ಇದ್ರಾ ನಮ್ಮೋರು?"

"ಕಾಲ ಹತ್ರಾನೇ ಮಲಗ್ಸಿದ್ರಂತೆ."

"ದನಿ ಕೇಳಿಸ್ತಿತ್ತಾ ನಿಮಗೆ?"

ನಾದಿನಿ ತಲೆಯಾಡಿಸಿದಳು. ಇದನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ, ಮ್ಯಾನೇಜರೂ ಇಲ್ಲ, ಅಧಿಕಾರಿಯೂ ಇಲ್ಲ, ನಾವೂ ಇಲ್ಲ.

"ಏನಂದ್ರು?"

"ಗೇಟ್ ತೆಗೆದ್ರಾ ಅಂತ ಕೇಳಿದ್ರು. ತೆಗೀತಿದ್ದಾರೆ ಅಂತ ಹೇಳು ಅಂದೆ ಮೇಸ್ತ್ರಿಗೆ. ಸುಳ್ಳೇ ಅಂದೆ. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಕೇಳಿದ್ರು. ಮತ್ತೆ ಅದೇ ಅಂದೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಮೂರನೇ ಸಲ ಕೇಳಲಿಲ್ಲ."

ಕಂಪನಿಯ ವ್ಯಾನಿನವನು ಹಾರ್ನ್ ಹೊಡೆದ. ಆ ಹೆಂಗಸು ತಲೆಯೆತ್ತಲಿಲ್ಲ. ಅವನು ಇನ್ನೊಮ್ಮೆ ಹೊಡೆದ, ಕಿಟಕಿಯಿಂದ ತಲೆ ಹಾಕಿ "ಬರ್ತೀರೋ ಇಲ್ವೋ?" ಎಂದು ಕೂಗಿದ, ಆಮೇಲೆ ಗಾಡಿ ತಿರುಗಿಸಿಕೊಂಡು ಹೋದ.

ಇಬ್ಬರೂ ಎದ್ದು ಬಸ್ ಸ್ಟಾಪಿನ ಕಡೆ ನಡೆದರು. ಭಾವ ಹತ್ತು ಹೆಜ್ಜೆ ಹಿಂದೆ ನಡೆದರು. ಬಸ್ಸು ಬಂತು, ಅದು ಭಾವನ ಮನೆಯ ಕಡೆಗೂ ಹೋಗುವ ಬಸ್ಸೇ. ಹೆಂಗಸರಿಬ್ಬರೂ ಹತ್ತಿದರು. ಕಂಡಕ್ಟರು ಬಾಗಿಲಲ್ಲಿ ನಿಂತು, "ಹತ್ತಿ ಹತ್ತಿ, ಜಾಗ ಇದೆ" ಎಂದ. ಭಾವ ಇಲ್ಲವೆಂದು ಕೈಯಾಡಿಸಿದರು.